ಮಂಜುಗಡ್ಡೆಯ ಹಾದಿಯಲ್ಲಿ ನಡಿಗೆಯೋ ಸೈಕಲ್ಲೋ: ನೆಲ ನೋಡಿ ಆರಿಸಿಕೊಳ್ಳಲು ಒಂದು ಹೋಲಿಕೆ

ಚಳಿಗಾಲದಲ್ಲಿ ಹಾದಿ ಹೆಪ್ಪುಗಟ್ಟಿದಾಗ ನಡೆದು ಹೋಗುವುದು ಕ್ಷೇಮವೋ, ಸೈಕಲ್ಲಿನಲ್ಲಿ ಹೋಗುವುದು ಕ್ಷೇಮವೋ ಎಂದು ಯೋಚಿಸುವವರು ಸಾಮಾನ್ಯವಾಗಿ ಬೂಟುಗಳನ್ನೂ ಟೈರುಗಳನ್ನೂ ಹೋಲಿಸಲು ತೊಡಗುತ್ತಾರೆ. ಆದರೆ ಈ ಹೋಲಿಕೆ ನೆಲದಿಂದ ಶುರುವಾಗಬೇಕು. ತುಳಿದು ಗಟ್ಟಿಯಾದ ಒಣ ಹಿಮದ ಮೇಲೆ ಭದ್ರವಾಗಿ ಊರಿ ನಿಲ್ಲುವ ಬೂಟು, ಮೇಲೆ ನೀರಾಡುತ್ತಿರುವ ಮಂಜುಗಡ್ಡೆಯ ಮೇಲೆ ಮೊದಲ ಹೆಜ್ಜೆಗೇ ಕೈಕೊಡುತ್ತದೆ. ಮೆತ್ತನೆಯ ಹಿಮದಲ್ಲಿ ಸಲೀಸಾಗಿ ಸಾಗುವ ಅಗಲವಾದ ಟೈರು, ನುಣುಪು ಮಂಜುಗಡ್ಡೆಯ ಮೇಲೆ ಸಾಧಾರಣ ಟೈರಿಗಿಂತ ಹೆಚ್ಚಿನ ಉಪಕಾರವನ್ನೇನೂ ಮಾಡುವುದಿಲ್ಲ. ಇವತ್ತಿನ ನೆಲ ಯಾವ ಬಗೆಯದು ಎಂಬುದು ಗೊತ್ತಾದ ಮೇಲಷ್ಟೇ ಕಾಲಿಗೆ ಏನು, ಗಾಲಿಗೆ ಏನು ಎಂಬ ಪ್ರಶ್ನೆಗೆ ಅರ್ಥ ಬರುತ್ತದೆ.

ಯಾವ ನೆಲ, ಎಂಥ ಚಳಿ

ಸಮತಟ್ಟಾದ ಕಡೆ ಸಹಜ ವೇಗದಲ್ಲಿ ನಡೆಯಲು ಅಟ್ಟೆಗೂ ನೆಲಕ್ಕೂ ನಡುವೆ ಸುಮಾರು 0.2ರಷ್ಟು ಘರ್ಷಣಾಂಕ, ಎಂದರೆ ಒಂದಕ್ಕೊಂದು ತಾಗಿದ ಮೈಗಳ ಹಿಡಿತವನ್ನು ತೋರಿಸುವ ಅಂಕಿ, ಬೇಕಾಗುತ್ತದೆ. ಒಣ ಕಾಂಕ್ರೀಟು ಇದರ ಮೂರು ಪಟ್ಟು ಹಿಡಿತವನ್ನು ಸುಲಭವಾಗಿ ಕೊಡುತ್ತದೆ. ಕರಗತೊಡಗಿದ ಮಂಜುಗಡ್ಡೆಯ ಮೇಲೆ ರಬ್ಬರಿಗೆ ಸಿಗುವುದು ಸುಮಾರು 0.1, ಹಲವು ಸಲ ಅದಕ್ಕೂ ಕಡಿಮೆ. ಬೇಕಾದದ್ದರಲ್ಲಿ ಅರ್ಧದಷ್ಟು ಹಿಡಿತವೂ ಸಿಗದ ನೆಲದ ಮೇಲೆ ಎಷ್ಟು ಎಚ್ಚರವಾಗಿದ್ದರೂ ಎಂದಿನಂತೆ ನಡೆಯಲಾಗದು; ಒಂದೋ ನಡೆಯುವ ರೀತಿಯನ್ನೇ ಬದಲಿಸಬೇಕು, ಇಲ್ಲವೇ ನೆಲವನ್ನು ಕಚ್ಚಿ ಹಿಡಿಯುವ ಏನನ್ನಾದರೂ ತೊಡಬೇಕು.

ಚಳಿ ಏರಿದಷ್ಟೂ ಜಾರಿಕೆಯೂ ಏರುತ್ತದೆ ಎಂಬ ಎಣಿಕೆ ತಪ್ಪು. ಎಲ್ಲಕ್ಕಿಂತ ಅಪಾಯಕರವಾದದ್ದು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆಗ ಮಂಜುಗಡ್ಡೆಯ ಮೈಮೇಲೆ ತೆಳ್ಳನೆಯ ನೀರಿನ ಪದರ ನಿಂತು, ಅಟ್ಟೆಯಾಗಲಿ ಟೈರಾಗಲಿ ಗಟ್ಟಿ ನೆಲವನ್ನು ಮುಟ್ಟದಂತೆ ತಡೆಯುತ್ತದೆ. ಮೈನಸ್ 15 ಡಿಗ್ರಿಯಲ್ಲಿ ಅದೇ ಮಂಜುಗಡ್ಡೆ ಒಣಗಿ ಗಡುಸಾಗಿರುತ್ತದೆ, ರಬ್ಬರಿಗೆ ಎದ್ದು ಕಾಣುವಷ್ಟು ಹೆಚ್ಚು ಹಿಡಿತ ಕೊಡುತ್ತದೆ. ವಾರಗಟ್ಟಲೆ ಕಡುಚಳಿ ಕವಿದಿರುವ ಸೀಮೆಗಿಂತ, ಹಗಲು ಕರಗಿ ಇರುಳು ಹೆಪ್ಪುಗಟ್ಟುವ ಸೀಮೆಯ ಹಾದಿಗಳು ಹೆಚ್ಚು ಜನರನ್ನು ಬೀಳಿಸಲು ಇದೂ ಒಂದು ಕಾರಣ. ಫಿನ್ಲೆಂಡಿನ ಔಲು ನಗರದಲ್ಲಿ ಸೈಕಲ್ ಹಾದಿಯ ಹಿಮವನ್ನು ಪೂರ್ತಿ ಕರಗಿಸುವ ಬದಲು ಒತ್ತಿ ಗಟ್ಟಿಮಾಡಿ, ಮೇಲ್ಮೈಯನ್ನು ಒರಟಾಗಿಯೇ ಉಳಿಸಿಕೊಳ್ಳುತ್ತಾರೆ. ಅಂಥ ಹಾದಿಯಲ್ಲಿ ಮಕ್ಕಳು ಕೂಡ ಚಳಿಗಾಲವಿಡೀ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾರೆ. ಬಿಳಿಯಾಗಿ, ಒಣಗಿ, ತುಳಿತಕ್ಕೆ ಕಿರುಗುಟ್ಟುವ ಹಿಮವನ್ನು ನಂಬಬಹುದು. ಅದೇ ಹಿಮ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದ್ದರೆ, ಅಥವಾ ಹಳೆಯ ಮಂಜುಗಡ್ಡೆಯನ್ನು ಬೆರಳುದ್ದದ ಹೊಸ ಹಿಮ ಮುಚ್ಚಿದ್ದರೆ, ನಂಬಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳದ ಮಂಜುಗಡ್ಡೆ. ಬ್ಲ್ಯಾಕ್ ಐಸ್ ಎಂದು ಕರೆಯುವ ಈ ಪದರದಲ್ಲಿ ಗಾಳಿಗುಳ್ಳೆಗಳು ತೀರ ಕಡಿಮೆಯಾದ್ದರಿಂದ ಬೆಳಕು ಅದರೊಳಗೆ ಚದುರದೆ ಹಾದುಹೋಗಿ, ಕೆಳಗಿರುವ ಡಾಂಬರಿನ ಬಣ್ಣವೇ ಕಾಣುತ್ತದೆ. ಆಕಾಶ ತಿಳಿಯಾಗಿದ್ದು ಗಾಳಿ ನಿಂತಿರುವ ರಾತ್ರಿ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಂಡು ಮೇಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹವಾಮಾನ ವರದಿಯಲ್ಲಿ ಬರುವ ಉಷ್ಣಾಂಶವನ್ನು ಅಳೆಯುವುದು ನೆಲದಿಂದ ಸುಮಾರು ಒಂದೂವರೆ-ಎರಡು ಮೀಟರ್ ಎತ್ತರದಲ್ಲಿ. ಆದ್ದರಿಂದ ವರದಿ 3 ಡಿಗ್ರಿ ಎಂದು ಹೇಳುತ್ತಿರುವಾಗಲೇ ಹಾದಿ ಹೆಪ್ಪುಗಟ್ಟಿರುವುದು ಸಾಧ್ಯ. ಸೇತುವೆಗೆ ಕೆಳಗಿನಿಂದಲೂ ತಣ್ಣನೆಯ ಗಾಳಿ ತಗಲುವುದರಿಂದ, ನೆಲದೊಳಗಿನ ಶಾಖ ಅದಕ್ಕೆ ಸಿಗದೆ, ಉಳಿದ ಹಾದಿಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಗೋಡೆಯ ನೆರಳು, ಮರಗಳ ಸಾಲು, ಸೂರಿನ ನೀರು ಹರಿದುಬರುವ ಮೂಲೆ, ಮರದ ಹಲಗೆ ಹಾಸಿದ ದಾರಿ, ಕಬ್ಬಿಣದ ಮುಚ್ಚಳ ಇವೂ ಇದೇ ಗುಂಪಿಗೆ ಸೇರುತ್ತವೆ.

ಬೀದಿದೀಪದ ಕೆಳಗೆ ಡಾಂಬರು ಒದ್ದೆಯಾಗಿ ಹೊಳೆಯುತ್ತಿದ್ದರೆ ಮುಂದೆ ಹೋಗುತ್ತಿರುವ ವಾಹನದ ಗಾಲಿಗಳನ್ನು ನೋಡಬೇಕು. ನೀರಾದರೆ ಹನಿ ಸಿಡಿಯುತ್ತದೆ. ಅಷ್ಟೊಂದು ಹೊಳಪಿದ್ದೂ ಏನೂ ಸಿಡಿಯದಿದ್ದರೆ ಅದು ಮಂಜುಗಡ್ಡೆ. ಸೈಕಲ್ಲಿನ ಮೇಲಿರುವವರಿಗೆ ಕಿವಿಯೂ ನೆರವಾಗುತ್ತದೆ. ಒದ್ದೆ ಡಾಂಬರಿನ ಮೇಲೆ ಕೇಳುತ್ತಿದ್ದ ಟೈರಿನ ಸದ್ದು ಇದ್ದಕ್ಕಿದ್ದಂತೆ ಅಡಗಿ, ಕೈಯಲ್ಲಿದ್ದ ಹ್ಯಾಂಡಲ್ ಹಗುರಾದಂತೆ ಅನ್ನಿಸಿದರೆ, ಮುಂದಿನ ಗಾಲಿ ಮಂಜುಗಡ್ಡೆಗೆ ಬಂದಿದೆ ಎಂದೇ ತಿಳಿಯಬೇಕು.

ಎರಡು ಹಾದಿಗಳಿದ್ದು ಒಂದಕ್ಕೆ ಉಪ್ಪು, ಇನ್ನೊಂದಕ್ಕೆ ಮರಳು ಅಥವಾ ಸಣ್ಣ ಜಲ್ಲಿ ಚೆಲ್ಲಿದ್ದರೆ, ಯಾವುದನ್ನು ಹಿಡಿಯಬೇಕೆಂಬುದನ್ನು ಅಂದಿನ ಉಷ್ಣಾಂಶವೇ ಹೇಳುತ್ತದೆ. ಸಾಮಾನ್ಯ ಉಪ್ಪು, ಎಂದರೆ ಸೋಡಿಯಂ ಕ್ಲೋರೈಡ್, ಪ್ರಯೋಗಾಲಯದ ಲೆಕ್ಕದಲ್ಲಿ ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಮೈನಸ್ 21 ಡಿಗ್ರಿವರೆಗೆ ಇಳಿಸಬಲ್ಲದು. ಹಾದಿಯ ಮೇಲೆ ಮಾತ್ರ ಮೈನಸ್ 10ರ ಸುಮಾರಿಗೇ ಅದರ ಕೆಲಸ ತೀರ ನಿಧಾನವಾಗಿ ಬಿಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಹೆಚ್ಚಿನ ಚಳಿಯಲ್ಲೂ ಕರಗಿಸುತ್ತದೆ. ಮರಳು ಏನನ್ನೂ ಕರಗಿಸುವುದಿಲ್ಲ, ಆದರೆ ಎಂಥ ಚಳಿಯಲ್ಲೂ ಒರಟುತನ ಕೊಡುತ್ತದೆ. ಸೊನ್ನೆಯ ಹತ್ತಿರ ಉಪ್ಪಿನ ಹಾದಿ, ಕಡುಚಳಿಯಲ್ಲಿ ಮರಳಿನ ಹಾದಿ ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು. ಮಂಜುಗಡ್ಡೆ ಕರಗಿಹೋದ ಮೇಲೆ ತಿರುವಿನಲ್ಲಿ ಉಳಿದ ಸಡಿಲ ಮರಳು ನಡೆಯುವವರಿಗೆ ಅಷ್ಟೇನೂ ಬಾಧಕವಲ್ಲ, ಸೈಕಲ್ಲಿಗೆ ಮಾತ್ರ ಅದೂ ಜಾರುವ ನೆಲವೇ. ಸ್ವೀಡನ್ನಿನ ಕೆಲವು ನಗರಗಳಲ್ಲಿ ಸೈಕಲ್ ಹಾದಿಯನ್ನು ಯಂತ್ರದ ಬ್ರಷ್ಷಿನಿಂದ ಗುಡಿಸಿ, ಹಿಂದೆಯೇ ಉಪ್ಪುನೀರು ಸಿಂಪಡಿಸುತ್ತಾರೆ. ಅಂಥ ಹಾದಿ ಹತ್ತಿರದಲ್ಲಿದ್ದರೆ ತುಸು ಸುತ್ತಾದರೂ ಅದನ್ನೇ ಆರಿಸಿಕೊಳ್ಳಬೇಕು. ಸೇತುವೆಯಿಲ್ಲದ, ಬಿಸಿಲು ಬೀಳುವ, ಇಳಿಜಾರಿಲ್ಲದ ದಾರಿ ಅರ್ಧ ಕಿಲೋಮೀಟರ್ ಹೆಚ್ಚಾದರೂ ಅದೇ ಹತ್ತಿರದ ದಾರಿ ಎಂದು ನಾನು ಎಣಿಸುತ್ತೇನೆ.

ನಡಿಗೆ, ಸೈಕಲ್, ಅಥವಾ ಎರಡೂ ಬೇಡ

ಕಾಲಿಗೂ ಗಾಲಿಗೂ ವಿಶೇಷವಾದದ್ದು ಏನೂ ಇಲ್ಲದಿದ್ದಾಗ ನಡಿಗೆಯೇ ಮೇಲು, ಇದರಲ್ಲಿ ಎರಡು ಮಾತಿಲ್ಲ. ನಡೆಯುವವರು ನಿಲ್ಲಬಹುದು, ಹೆಜ್ಜೆಯನ್ನು ಚಿಕ್ಕದು ಮಾಡಬಹುದು, ಪಕ್ಕದ ಹುಲ್ಲಿಗೋ ಮೆತ್ತನೆಯ ಹಿಮಕ್ಕೋ ಸರಿಯಬಹುದು. ಸೈಕಲ್ಲಿನ ಹಿಂದಿನ ಗಾಲಿ ಜಾರಿದರೆ ಹ್ಯಾಂಡಲ್ ನೇರ ಹಿಡಿದು ಸಾವರಿಸಿಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಮುಂದಿನ ಗಾಲಿ ಜಾರಿದರೆ ಆ ಕ್ಷಣವೂ ಸಿಗುವುದಿಲ್ಲ, ಸವಾರ ಪಕ್ಕಕ್ಕೆ ಬಿದ್ದು ಸೊಂಟ, ಮೊಣಕೈ, ಭುಜ ನೆಲಕ್ಕೆ ಬಡಿಯುತ್ತವೆ.

ಮೈತುಂಬ ಪುಟ್ಟ ಲೋಹದ ಮೊಳೆಗಳಿರುವ ಮೊಳೆ ಟೈರು ಹಾಕಿದ ಮೇಲೆ ಲೆಕ್ಕ ಬಹುಮಟ್ಟಿಗೆ ತಿರುಗುಮುರುಗಾಗುತ್ತದೆ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಹಿಮ್ಮಡಿ ನೆಲವನ್ನು ಮುಂದಕ್ಕೆ ತಳ್ಳುತ್ತದೆ, ಕಾಲು ಜಾರುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ನೇರವಾಗಿ, ಒಂದೇ ವೇಗದಲ್ಲಿ ಉರುಳುವ ಗಾಲಿ ನೆಲದ ಮೇಲೆ ಅಂಥ ತಳ್ಳಾಟ ನಡೆಸುವುದಿಲ್ಲ, ಜೊತೆಗೆ ಮೊಳೆಗಳು ಕಚ್ಚಿ ಹಿಡಿದಿರುತ್ತವೆ. ಹಾಗಾಗಿ ನಡೆಯುವವರು ಗೋಡೆ ಹಿಡಿದು ಸಾಗುತ್ತಿರುವ ನುಣುಪು ಹಾದಿಯಲ್ಲೇ ಮೊಳೆ ಟೈರಿನ ಸವಾರ ನಿಶ್ಚಿಂತೆಯಿಂದ ದಾಟಿಹೋಗುವುದನ್ನು ಕಾಣಬಹುದು. ಈ ನಿಶ್ಚಿಂತೆ ಕೈಕೊಡುವ ಜಾಗವೂ ಗೊತ್ತಿರಬೇಕು: ಸಿಗ್ನಲ್ಲಿನಲ್ಲಿ ನಿಂತು ಒಂದು ಕಾಲು ಕೆಳಗಿಟ್ಟ ಕೂಡಲೇ ಆ ಕಾಲು ಸರ್ರನೆ ಜಾರುತ್ತದೆ, ಏಕೆಂದರೆ ಮೊಳೆಗಳಿರುವುದು ಗಾಲಿಯಲ್ಲಿ, ಬೂಟಿನಲ್ಲಲ್ಲ. ಮೊಳೆ ಟೈರಿನ ಸೈಕಲ್ಲನ್ನು ಮಂಜುಗಡ್ಡೆಯ ಮೇಲೆ ತಳ್ಳಿಕೊಂಡು ನಡೆಯುವುದು ಅದನ್ನು ಹತ್ತಿ ಹೋಗುವುದಕ್ಕಿಂತ ಕಷ್ಟವೆಂಬುದು ಅನೇಕ ಸವಾರರಿಗೆ ಮೊದಲ ಚಳಿಗಾಲದಲ್ಲೇ ತಿಳಿಯುತ್ತದೆ. ಸೀಟನ್ನು ಒಂದೆರಡು ಸೆಂಟಿಮೀಟರ್ ತಗ್ಗಿಸಿ ಎರಡು ಪಾದಗಳೂ ಸಮನಾಗಿ ನೆಲ ಮುಟ್ಟುವಂತೆ ಮಾಡಿಕೊಳ್ಳುವುದು, ಬೂಟನ್ನು ಬಿಗಿದುಕೊಳ್ಳುವ ಪೆಡಲ್ ಬಿಟ್ಟು ಚಪ್ಪಟೆ ಪೆಡಲ್ ಹಾಕಿಕೊಳ್ಳುವುದು ಇದಕ್ಕಾಗಿಯೇ.

ಸಾಧಾರಣ ಟೈರಿನ ಸೈಕಲ್ಲಿನಲ್ಲಿ ಹೋಗುತ್ತಿರುವಾಗ ನಡುದಾರಿಯಲ್ಲಿ ಮಂಜುಗಡ್ಡೆ ಸಿಕ್ಕರೆ, ಅದಕ್ಕೆ ಬರುವ ಮೊದಲೇ ಇಳಿದು, ಹಾದಿಯ ಅಂಚಿನ ಒರಟು ನೆಲದಲ್ಲಿ ತಳ್ಳಿಕೊಂಡು ಹೋಗುವುದೇ ಸರಿ. ಈಗಾಗಲೇ ಅದರ ಮೇಲೆ ಬಂದಾಗಿದ್ದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿ, ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ, ಮೈಯನ್ನು ವಾಲಿಸದೆ, ಉರುಳುತ್ತಲೇ ಆಚೆ ಮುಟ್ಟಬೇಕು. ಮೂರು ಗಾಲಿಯ ಸೈಕಲ್ಲು ಸಮತೋಲದ ತೊಂದರೆಯನ್ನು ನೀಗಿಸುತ್ತದೆ, ಬ್ರೇಕಿನ ತೊಂದರೆಯನ್ನು ನೀಗಿಸುವುದಿಲ್ಲ.

ಮಳೆಹನಿ ನೆಲಕ್ಕೆ ಬಿದ್ದಕೂಡಲೇ ಹೆಪ್ಪುಗಟ್ಟುವ ದಿನ ಎರಡೂ ಬೇಡ. ಅಂದು ಚೆಲ್ಲಿದ ಮರಳಿನ ಮೇಲೂ ಹೊಸ ಪದರ ಕೂರುತ್ತಿರುತ್ತದೆ, ಉಪ್ಪನ್ನು ಮಳೆ ತೊಳೆದುಬಿಡುತ್ತದೆ. ಮೂಳೆ ಸವೆದವರು, ಹಿಂದೊಮ್ಮೆ ಬಿದ್ದು ಏಟು ಮಾಡಿಕೊಂಡವರು, ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಇಂಥ ದಿನ ಕೆಲಸವನ್ನು ಮುಂದೂಡಲು ಸಂಕೋಚ ಪಡಬೇಕಾಗಿಲ್ಲ. ಮಧ್ಯಾಹ್ನಕ್ಕೆ ಮುಂದೂಡಿದರೂ ಸಾಕಾಗಬಹುದು. ಬೆಳಗ್ಗೆ ಏಳು ಗಂಟೆಯ ಹಾದಿಯೂ ಮಧ್ಯಾಹ್ನ ಒಂದು ಗಂಟೆಯ ಹಾದಿಯೂ ಒಂದೇ ಅಲ್ಲ. ವಯಸ್ಸಾದವರಿಗೆ ಸೊಂಟದ ಮೂಳೆ ಮುರಿಯುವುದೆಂದರೆ ತಿಂಗಳುಗಟ್ಟಲೆ ಪರಾಧೀನತೆ, ಅನೇಕರಿಗೆ ಮೊದಲಿನ ಓಡಾಟ ಮರಳಿ ಬರುವುದೇ ಇಲ್ಲ. ಅದನ್ನು ತಪ್ಪಿಸಲು ಒಂದು ದಿನದ ಕೆಲಸ ಬಿಟ್ಟರೂ ನಷ್ಟವಿಲ್ಲ.

ಕಾಲಿಗೆ ಏನು

ಚಳಿಗಾಲದ ಬೂಟು ಎಂದು ಮಾರುವ ಬೂಟುಗಳೆಲ್ಲ ಮಂಜುಗಡ್ಡೆಯ ಮೇಲೆ ಹಿಡಿಯುತ್ತವೆ ಎಂದು ತಿಳಿಯಬಾರದು. ಕೆನಡಾದ ಟೊರಾಂಟೊ ಪುನರ್ವಸತಿ ಸಂಸ್ಥೆಯ ಸಂಶೋಧಕರು ವಾಲಿಸಬಹುದಾದ ಮಂಜುಗಡ್ಡೆಯ ನೆಲವೊಂದರ ಮೇಲೆ ಜನರನ್ನು ನಡೆಸಿ, ಎಷ್ಟು ಡಿಗ್ರಿ ಇಳಿಜಾರಿನವರೆಗೆ ಬೂಟು ಜಾರದೆ ನಿಲ್ಲುತ್ತದೆಂದು ಪರೀಕ್ಷಿಸುತ್ತಾರೆ. ತೇರ್ಗಡೆಗೆ ಬೇಕಾದ ಕನಿಷ್ಠ ಇಳಿಜಾರು 7 ಡಿಗ್ರಿ. 2016ರಲ್ಲಿ ಅವರು ಮೊದಲ ಫಲಿತಾಂಶಗಳನ್ನು ಹೊರತಂದಾಗ ಪರೀಕ್ಷೆಗೆ ಒಳಪಟ್ಟ ಬೂಟುಗಳಲ್ಲಿ ಬಹುಪಾಲು ಆ ಮಟ್ಟವನ್ನೂ ಮುಟ್ಟಿರಲಿಲ್ಲ. ಮುಂದೆ ನಿಂತವು ಹೆಚ್ಚಾಗಿ ರಬ್ಬರಿನೊಳಗೆ ಗಾಜಿನ ನಾರು ಅಥವಾ ಗಡುಸಾದ ಹರಳು ಬೆರೆಸಿದ ಅಟ್ಟೆಯವು. ಬೂಟಿನ ಬೆಚ್ಚಗೆ, ಎತ್ತರ, ಆಳವಾದ ಪಡಿಯಚ್ಚು ಇವುಗಳಿಗೂ ಮಂಜುಗಡ್ಡೆಯ ಹಿಡಿತಕ್ಕೂ ನಂಟು ಕಡಿಮೆ. ಆಳವಾದ ಅಚ್ಚು ಸಡಿಲ ಹಿಮದಲ್ಲಿ ಕೆಲಸಕ್ಕೆ ಬರುತ್ತದೆ. ಮಂಜುಗಡ್ಡೆಗೆ ಬೇಕಾದದ್ದು ಚಳಿಯಲ್ಲೂ ಮೆತ್ತಗೆ ಉಳಿದು ನೆಲಕ್ಕೆ ಅಗಲವಾಗಿ ತಾಗುವ ಅಟ್ಟೆ. ಬೂಟನ್ನು ರಾತ್ರಿಯೆಲ್ಲ ಹೊರಗಿನ ಚಳಿಯಲ್ಲಿ ಇಟ್ಟು, ಅಟ್ಟೆಯ ಮೇಲೆ ಉಗುರು ಒತ್ತಿ ನೋಡಿದರೆ ಅದು ಎಷ್ಟು ಗಡುಸಾಗುತ್ತದೆಂದು ಮನೆಯಲ್ಲೇ ತಿಳಿಯುತ್ತದೆ.

ಮಂಜುಗಡ್ಡೆಯ ಮೇಲೆ ಹಿಡಿತಕ್ಕಾಗಿ ಬೂಟಿನ ಮೇಲೆ ಎಳೆದು ತೊಡುವ ಕ್ಲೀಟು ಎಂಬ ಸಾಧನಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆಗಳಿವೆ. ಅಂಗಾಲಿನ ಅಡಿಗೆ ಉಕ್ಕಿನ ಸುರುಳಿ ತಂತಿ ಬರುವಂಥವು ಹಗುರ, ಅಗ್ಗ, ಗಟ್ಟಿ ಹಿಮದ ಮೇಲೆ ಹಿತಕರ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೀಳುವ ಪ್ರವೃತ್ತಿಯಿದ್ದ 65 ದಾಟಿದವರು ಇಂಥವನ್ನು ತೊಟ್ಟು ಓಡಾಡಿದಾಗ ಹೊರಗಡೆ ಬೀಳುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೆ ತಂತಿಗೆ ಮೊನೆಯಿಲ್ಲ, ನುಣುಪು ಗಟ್ಟಿ ಮಂಜುಗಡ್ಡೆಯನ್ನು ಅದು ಕಚ್ಚಲಾರದು. ರಬ್ಬರ್ ಪಟ್ಟಿಯಲ್ಲಿ ಕಾರ್ಬೈಡ್ ಎಂಬ ಬಲು ಗಡುಸಾದ ವಸ್ತುವಿನ ಮೊಳೆಗಳನ್ನು ಕೂರಿಸಿ ಹಿಮ್ಮಡಿಗೂ ಮುಂಗಾಲಿಗೂ ಹರಡಿದ ಬಗೆ ಊರೊಳಗಿನ ದಿನನಿತ್ಯದ ಓಡಾಟಕ್ಕೆ ಎಲ್ಲಕ್ಕಿಂತ ತಕ್ಕದ್ದೆಂದು ನನಗೆ ತೋರುತ್ತದೆ. ಮೊಳೆ ಚಿಕ್ಕದಾದ್ದರಿಂದ ನಡುನಡುವೆ ಬರಿ ಡಾಂಬರು ಬಂದರೂ ನಡೆಯಬಹುದು. ಸರಪಳಿಗೆ ಸುಮಾರು ಒಂದು ಸೆಂಟಿಮೀಟರಿನ ಹಲ್ಲುಗಳಿರುವ ಬಗೆ ಬೆಟ್ಟದ ಕಾಲುದಾರಿಗೆ, ಕಡಿದಾದ ಇಳಿಜಾರಿಗೆ ಸರಿ. ಬರಿ ಕಾಂಕ್ರೀಟಿನ ಮೇಲೆ ಅವನ್ನು ತೊಟ್ಟು ನಡೆದರೆ ಕಣಕಾಲು ಹೊರಳುವ ಭಯ ಇರುತ್ತದೆ. ಹಿಮ್ಮಡಿಗೆ ಮಾತ್ರ ಕಟ್ಟುವ ಪುಟ್ಟ ಕ್ಲೀಟನ್ನು ತೊಡುವುದು ತೆಗೆಯುವುದು ಬಲು ಸುಲಭ, ಜಾರಿಕೆ ಶುರುವಾಗುವುದೂ ಹಿಮ್ಮಡಿಯಿಂದಲೇ. ಆದರೆ ಏರು ಹತ್ತುವಾಗ ಮುಂಗಾಲೂರಿ ತಳ್ಳಿದರೆ ಅದು ನೆರವಿಗೆ ಬರುವುದಿಲ್ಲ. ಬಗ್ಗಿ ತೊಡಲಾಗದವರು ಕೊನೆಗೆ ಏನನ್ನೂ ತೊಡದೆ ಹೋಗಿಬಿಡುವುದರಿಂದ, ಅವರಿಗೆ ಈ ಪುಟ್ಟದ್ದೇ ವಾಸಿ.

ಯಾವ ಕ್ಲೀಟೇ ಆದರೂ ಬಾಗಿಲಲ್ಲಿ ತೆಗೆಯಲೇಬೇಕು. ನುಣುಪಾದ ಕಲ್ಲು, ಟೈಲ್ಸ್, ಲೋಹದ ಮೆಟ್ಟಿಲುಗಳ ಮೇಲೆ ಮೊಳೆಯ ತುದಿಯೊಂದೇ ತಾಗಿ, ಬರಿ ಬೂಟಿಗಿಂತ ಹೆಚ್ಚು ಜಾರುತ್ತದೆ.

ಏನೂ ಸಿಗದಿದ್ದಾಗ ಬೂಟಿನ ಮೇಲೆ ಕಾಲುಚೀಲ ತೊಡುವ ಉಪಾಯವೂ ಇದೆ. ನ್ಯೂಜಿಲೆಂಡಿನ ಡನೀಡಿನ್ ಎಂಬ ಗುಡ್ಡಗಾಡಿನ ನಗರದಲ್ಲಿ ಸಂಶೋಧಕರು ಇದನ್ನು ಹೆಪ್ಪುಗಟ್ಟಿದ ಇಳಿಜಾರಿನ ಕಾಲುಹಾದಿಯಲ್ಲಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಬೂಟಿನ ಹೊರಗೆ ಕಾಲುಚೀಲ ತೊಟ್ಟವರಿಗೆ ಹಾದಿ ಕಡಿಮೆ ಜಾರುತ್ತಿರುವಂತೆ ಅನ್ನಿಸಿತ್ತು. ನೂರು ಹೆಜ್ಜೆಯ ಒಂದು ಕೆಟ್ಟ ತುಂಡನ್ನು ದಾಟಲು ಇದು ಸಾಕು; ಇಡೀ ಚಳಿಗಾಲಕ್ಕೆ ಸಾಲದು.

ನಡೆಯುವ ರೀತಿಯ ಬಗ್ಗೆ ಇಷ್ಟು ಹೇಳಬೇಕು. ಹೆಜ್ಜೆ ಉದ್ದವಾದಷ್ಟೂ ಪಾದ ಓರೆಯಾಗಿ ನೆಲ ಮುಟ್ಟುತ್ತದೆ, ಬೇಕಾಗುವ ಹಿಡಿತವೂ ಹೆಚ್ಚುತ್ತದೆ. ಆದ್ದರಿಂದ ಪೆಂಗ್ವಿನ್ ಹಕ್ಕಿಯ ಹಾಗೆ ಪಾದವನ್ನು ತುಸು ಹೊರಮುಖವಾಗಿಸಿ, ಮೊಣಕಾಲನ್ನು ಸಡಿಲಬಿಟ್ಟು, ಮೈಭಾರವನ್ನು ಮುಂದಿನ ಕಾಲಿನ ಮೇಲೆ ತಂದು, ಇಡೀ ಅಂಗಾಲನ್ನು ಒಟ್ಟಿಗೆ ಊರಿ ಚಿಕ್ಕ ಹೆಜ್ಜೆಗಳಲ್ಲಿ ಸಾಗಬೇಕು. ಕೈಗಳು ಜೇಬಿನಿಂದ ಹೊರಗಿರಬೇಕು. ಬೀಳುವವರು ಸಹಜವಾಗಿಯೇ ಕೈಯೂರುತ್ತಾರೆ. ಮಣಿಕಟ್ಟಿನ ಮೂಳೆ ಮುರಿಯುವುದು ಹೆಚ್ಚಾಗಿ ಹಾಗೆಯೇ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡರೆ ತಲೆಗೆ ಪೆಟ್ಟು ತಪ್ಪಬಹುದು. ಊರುಗೋಲು ಬಳಸುವವರು ಅದರ ತುದಿಗೆ ಮಡಚಬಹುದಾದ ಉಕ್ಕಿನ ಹಲ್ಲು ಹಾಕಿಸಿಕೊಳ್ಳಬೇಕು; ಬರಿ ರಬ್ಬರಿನ ತುದಿ ಮಂಜುಗಡ್ಡೆಯ ಮೇಲೆ ಜಾರಿ, ಆಧಾರವಾಗಬೇಕಾದ ಕೋಲೇ ಬೀಳಿಸುತ್ತದೆ.

ಗಾಲಿಗೆ ಏನು

ಟೈರುಗಳ ಆಯ್ಕೆಯಲ್ಲಿ ಜನರನ್ನು ಹೆಚ್ಚು ದಾರಿ ತಪ್ಪಿಸುವುದು ಅಗಲ. ನಾಲ್ಕು ಇಂಚಿನ ದಪ್ಪ ಟೈರು ಮೆತ್ತನೆಯ ಹಿಮದಲ್ಲಿ ಹೂತುಕೊಳ್ಳದೆ ಮೇಲೆ ಮೇಲೆ ಸಾಗುತ್ತದೆ, ಆದರೆ ಮೊಳೆಯಿಲ್ಲದೆ ಅದೂ ಮಂಜುಗಡ್ಡೆಯ ಮೇಲೆ ಜಾರುತ್ತದೆ. ಹಾದಿಯನ್ನು ದಿನವೂ ಗುಡಿಸುವ ಕಡೆ, ಅಪರೂಪಕ್ಕೊಮ್ಮೆ ಹಿಮ ಕಾಣುವ ಕಡೆ, ಮೆತ್ತನೆಯ ರಬ್ಬರಿನ, ಮೊಳೆಯಿಲ್ಲದ ಚಳಿಗಾಲದ ಟೈರು ಸಾಕಾಗಬಹುದು. ಸೊನ್ನೆಯ ಸುತ್ತಮುತ್ತ ಏರಿಳಿಯುವ ಚಳಿಯಲ್ಲಿ ಬೆಳಗಿನ ಕತ್ತಲಲ್ಲೇ ಹೊರಡುವವರಿಗೆ ಮೊಳೆ ಟೈರೊಂದೇ ಸರಿಯಾದ ಉತ್ತರ.

ಮೊಳೆಗಳಲ್ಲಿ ಉಕ್ಕಿನವು ಬರಿ ಡಾಂಬರಿನ ಮೇಲೆ ಬೇಗ ಸವೆಯುತ್ತವೆ. ಟಂಗ್‌ಸ್ಟನ್ ಕಾರ್ಬೈಡಿನವು ಹಲವು ಚಳಿಗಾಲ ಬಾಳುತ್ತವೆ, ಆದ್ದರಿಂದ ಬೆಲೆ ಹೆಚ್ಚಾದರೂ ಕಾರ್ಬೈಡನ್ನೇ ಕೊಳ್ಳುವುದು ಮೇಲು. ಒಂದು ಟೈರಿಗೆ ನೂರರ ಆಸುಪಾಸಿನಿಂದ ಮುನ್ನೂರಕ್ಕೂ ಹೆಚ್ಚು ಮೊಳೆಗಳಿರುತ್ತವೆ. ಎರಡು ಸಾಲಿನವು ನೇರ ಹಾದಿಯ ಬ್ಲ್ಯಾಕ್ ಐಸಿಗೆ ಸಾಕು. ಹಿಂದಿನ ದಿನ ಗಾಲಿಗಳು ತುಳಿದ ಕೆಸರುಹಿಮ ರಾತ್ರಿ ಗಟ್ಟಿಯಾಗಿ ಉಂಟಾದ ಜಾಡುಗಳಲ್ಲಿ ಟೈರಿನ ಪಕ್ಕ ಮಂಜುಗಡ್ಡೆಗೆ ಉಜ್ಜುತ್ತದೆ. ಅಲ್ಲಿ ಹೊರ ಅಂಚಿನಲ್ಲೂ ಮೊಳೆಯಿರುವ ನಾಲ್ಕು ಸಾಲಿನವು ಬೇಕು. ಇಂಥ ಟೈರುಗಳಲ್ಲಿ ಕೆಲವನ್ನು ಗಾಳಿಯ ಒತ್ತಡದಿಂದಲೇ ಹಾದಿಗೆ ಹೊಂದಿಸಬಹುದು. ಗಾಳಿ ಬಿಗಿಯಾಗಿ ಹೊಡೆದರೆ ನಡುಭಾಗ ಮಾತ್ರ ನೆಲ ಮುಟ್ಟಿ ಒಣ ಹಾದಿಯಲ್ಲಿ ಹಗುರವಾಗಿ ಓಡುತ್ತದೆ, ಟೈರಿನ ಮೇಲೆ ಬರೆದ ಕನಿಷ್ಠ ಮಿತಿಯವರೆಗೆ ಇಳಿಸಿದರೆ ಅಂಚಿನ ಮೊಳೆಗಳೂ ಕಚ್ಚುತ್ತವೆ. ಹೊಸ ಟೈರನ್ನು ಮೊದಲ 40-50 ಕಿಲೋಮೀಟರ್ ಡಾಂಬರಿನ ಮೇಲೆ, ಗಟ್ಟಿ ಬ್ರೇಕ್ ಹಾಕದೆ, ನಿಧಾನವಾಗಿ ಓಡಿಸಬೇಕು. ಮೊಳೆಗಳು ರಬ್ಬರಿನಲ್ಲಿ ಸರಿಯಾಗಿ ಕೂರುವುದು ಆಗಲೇ. ಒಣ ಹಾದಿಯಲ್ಲಿ ಚಟಪಟ ಸದ್ದು ಬರುತ್ತದೆ, ತುಳಿಯುವ ಶ್ರಮವೂ ಹೆಚ್ಚುತ್ತದೆ. ಒಂದೇ ಟೈರಿಗೆ ಹಣವಿದ್ದರೆ ಅದು ಮುಂದಿನ ಗಾಲಿಗೆ. ಜರ್ಮನಿಯಂಥ ಕಡೆ ಮೋಟಾರು ವಾಹನಗಳಿಗೆ ಮೊಳೆ ಟೈರು ನಿಷಿದ್ಧವಾದರೂ ಸಾಮಾನ್ಯ ಸೈಕಲ್ಲಿಗೆ ಆ ನಿಷೇಧವಿಲ್ಲ.

ಬ್ರೇಕುಗಳಲ್ಲಿ ರಿಮ್ಮನ್ನು ಹಿಡಿಯುವ ಬಗೆ ಹಿಮದಲ್ಲಿ ತಡವಾಗಿ ಕಚ್ಚುತ್ತದೆ, ಒಮ್ಮೊಮ್ಮೆ ರಿಮ್ಮಿನ ಮೇಲೆಯೇ ಮಂಜುಗಡ್ಡೆ ಕಟ್ಟಿಕೊಳ್ಳುತ್ತದೆ. ಡಿಸ್ಕ್ ಬ್ರೇಕಿಗೂ ಗಾಲಿಯ ನಡುವಿನ ಹಬ್ಬಿನೊಳಗಿನ ಬ್ರೇಕಿಗೂ ಈ ತೊಂದರೆ ಕಡಿಮೆ. ಮಂಜುಗಡ್ಡೆಯ ಮೇಲೆ ನಿಧಾನಿಸಬೇಕಾದಾಗ ಹಿಂದಿನ ಬ್ರೇಕನ್ನು ಮಾತ್ರ, ಅದನ್ನೂ ಮೆಲ್ಲಗೆ ಬಳಸಬೇಕು. ಬ್ಯಾಟರಿ ಸೈಕಲ್ಲಿನಲ್ಲಿ ಮೋಟಾರು ಮುಂದಿನ ಗಾಲಿಯಲ್ಲಿದ್ದರೆ ಮಂಜುಗಡ್ಡೆಯ ಮೇಲೆ ಮೋಟಾರಿನ ನೆರವನ್ನು ತೀರ ತಗ್ಗಿಸಬೇಕು ಅಥವಾ ನಿಲ್ಲಿಸಿಬಿಡಬೇಕು, ಏಕೆಂದರೆ ಅದು ಎಳೆಯುವ ಭರಕ್ಕೆ ಮುಂದಿನ ಗಾಲಿ ಸುತ್ತಿ ಜಾರುತ್ತದೆ. ಉಪ್ಪಿನ ಹಾದಿಯಲ್ಲಿ ಓಡಾಡಿದ ಸೈಕಲ್ಲಿನ ಚೈನನ್ನು ಆಗಾಗ ಒರೆಸಿ ಎಣ್ಣೆ ಬಿಡದಿದ್ದರೆ ಒಂದೇ ಚಳಿಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಮೊಳೆ ಟೈರನ್ನು ತೆಗೆಯುವ ದಿನವನ್ನು ಹಗಲಿನ ಬಿಸಿಲು ನೋಡಿ ನಿಶ್ಚಯಿಸುವವರು ಬಹಳ. ಮಧ್ಯಾಹ್ನ 8 ಡಿಗ್ರಿ ಇದ್ದು ಬೆಳಗಿನ ಜಾವ ಮೈನಸ್ 2ಕ್ಕೆ ಇಳಿಯುವ ವಾರಗಳಲ್ಲಿ, ಕರಗಿದ ಹಿಮದ ನೀರು ಹಾದಿಗೆ ಅಡ್ಡವಾಗಿ ಹರಿದು ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಬೇಗ ಹೊರಡುವವರು ರಾತ್ರಿಯ ಉಷ್ಣಾಂಶ ಸತತವಾಗಿ 4-5 ಡಿಗ್ರಿಗಿಂತ ಮೇಲೆ ನಿಂತು, ಹಾದಿಯ ಪಕ್ಕದ ಹಿಮದ ರಾಶಿಗಳೂ ಕರಗಿದ ಮೇಲೆಯೇ ಟೈರು ಬದಲಿಸಬೇಕು; ಹಗಲು ಮಾತ್ರ ಓಡಾಡುವವರು ಅದಕ್ಕೂ ಕೆಲವು ವಾರ ಮೊದಲೇ ಬದಲಿಸಿಕೊಳ್ಳಬಹುದು.